ರೋಗದ ಭಾರವೂ ಆರೋಗ್ಯದ ವೆಚ್ಚವೂ: ಮೈಸೂರು ಸಂಸ್ಥಾನದ ಒಂದು ನಿದರ್ಶನ

ಜನರಲ್ಲಿ ಕಾಯಿಲೆ ಹೆಚ್ಚಿದಂತೆಲ್ಲ ಆರೋಗ್ಯಕ್ಕಾಗಿ ಸರಕಾರ ಮಾಡುವ ವೆಚ್ಚವೂ ಹೆಚ್ಚುತ್ತದೆಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಮೈಸೂರು ಸಂಸ್ಥಾನದ ಇತಿಹಾಸದಿಂದ ಪರಿಶೀಲಿಸುವುದು ಈ ಕಿರುಲೇಖನದ ಉದ್ದೇಶ. ಅದಕ್ಕಾಗಿ ಪ್ಲೇಗು, ಮಲೇರಿಯ ಎಂಬ ಎರಡು ರೋಗಗಳನ್ನು ಹೋಲಿಸಿ ನೋಡಬಹುದು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಸಂಭವಿಸತೊಡಗಿದೊಡನೆ ಜನರು ಮನೆಗಳಿಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲುಗಳನ್ನು ಹಾಕಿಕೊಂಡರು, ವ್ಯಾಪಾರ ಕುಸಿಯಿತು. ಸರಕಾರವು ಬೊಕ್ಕಸವನ್ನು ತೆರೆಯಲು ತಡಮಾಡಲಿಲ್ಲ. ರೈಲು ಪ್ರಯಾಣಿಕರ ತಪಾಸಣೆ, ರೋಗಿಗಳಿಗೆ ಪ್ರತ್ಯೇಕ ಶಿಬಿರಗಳು, ಮನೆಗಳ ಶುದ್ಧೀಕರಣ, ಚುಚ್ಚುಮದ್ದು ಇವೆಲ್ಲಕ್ಕೂ ಹಣ ಒದಗಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಮೊದಲೇ ಸಿದ್ಧವಾಗಿದ್ದರೂ ಅವುಗಳಿಗೆ ಜನರನ್ನು ನೂಕಿದುದು ಪ್ಲೇಗಿನ ಭೀತಿಯೇ. 1903ರಲ್ಲಿ ಮೈಸೂರು ನಗರಾಭಿವೃದ್ಧಿಗೆ ವಿಶ್ವಸ್ಥ ಮಂಡಲಿ ರಚಿತವಾದುದು ಈ ಅನುಭವದ ಹಿನ್ನೆಲೆಯಲ್ಲಿಯೇ.

ಇದೇ ಕಾಲದಲ್ಲಿ ಮಲೆನಾಡನ್ನು ಚಳಿಜ್ವರವು ಸದ್ದಿಲ್ಲದೆ ತಿನ್ನುತ್ತಿತ್ತು. ಅಲ್ಲಿನ ಹಲವು ತಾಲ್ಲೂಕುಗಳ ಜನಸಂಖ್ಯೆ ಇಳಿಯುತ್ತಿತ್ತು. ಗುಲ್ಮ ಊದಿದ ಮಕ್ಕಳು, ಆಳಿಲ್ಲದೆ ಹಡಿಲು ಬಿದ್ದ ಗದ್ದೆಗಳು ಅಲ್ಲಿ ನಿತ್ಯದ ನೋಟ. ರೋಗದ ಮೂಲವು ತಿಳಿಯದ ಕಾಲವೂ ಅದಲ್ಲ: ಪ್ಲೇಗು ಬೆಂಗಳೂರಿಗೆ ಬರುವುದಕ್ಕೆ ಒಂದು ವರ್ಷ ಮುಂಚೆ, 1897ರ ಆಗಸ್ಟ್‌ನಲ್ಲಿಯೇ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ದೇಹದಲ್ಲಿ ಮಲೇರಿಯದ ಜೀವಾಣುವನ್ನು ಕಂಡಿದ್ದನು. ಆದರೂ ಚಳಿಜ್ವರದ ವೆಚ್ಚವನ್ನು ಹೆಚ್ಚಾಗಿ ಹೊತ್ತವರು ರೋಗಿಗಳೇ. ದುಡಿಯಲಾಗದ ದಿನಗಳ ಕೂಲಿ, ಬೆಳೆ, ಸಾಲ ಇವುಗಳ ರೂಪದಲ್ಲಿ ಅದನ್ನು ತೆತ್ತರು. ಸರಕಾರಿ ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚವೂ ವೆಚ್ಚವೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಲಾಗದು.

ಮಲೇರಿಯದ ವಿಷಯದಲ್ಲಿ ವ್ಯವಸ್ಥಿತ ಪ್ರಯತ್ನ ಕಾಣುವುದು 1920ರ ದಶಕದ ಅಂತ್ಯದಿಂದೀಚೆಗೆ, ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ. ಕನ್ನಂಬಾಡಿಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದಾಗ ಮಲೇರಿಯವೂ ಹಿಂಬಾಲಿಸಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾದ ಆ ಪ್ರದೇಶದಲ್ಲಿ ರೈತನ ಜ್ವರವು ಸಂಸ್ಥಾನದ ಆದಾಯದ ಪ್ರಶ್ನೆಯೂ ಆಯಿತು. ಮಲೆನಾಡಿನ ದೀರ್ಘಕಾಲದ ನರಳಿಕೆಗೆ ದೊರೆಯದ ಗಮನ ಇಲ್ಲಿ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ಸ್ವಾತಂತ್ರ್ಯಾನಂತರದ ಚರಿತ್ರೆ ಇನ್ನೊಂದು ಪಾಠವನ್ನು ಕಲಿಸುತ್ತದೆ. 1947ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯ ತಗುಲಿ, 8 ಲಕ್ಷ ಜನರು ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದುವು. ಡಿ.ಡಿ.ಟಿ. ಸಿಂಪಡಿಕೆಯಿಂದ 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕಿಳಿಯಿತು. ರೋಗ ಇಳಿದಂತೆ ಎಚ್ಚರವೂ ಸಡಿಲಿತು. ಕೀಟನಾಶಕದ ಪೂರೈಕೆ ಕುಂದಿತು. ಸೊಳ್ಳೆಗಳು ಔಷಧಕ್ಕೆ ಬಗ್ಗದಾದುವು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷವನ್ನು ಮುಟ್ಟಿತು.

ಇವುಗಳಿಂದ ತಿಳಿಯುವುದಿಷ್ಟು: ವೆಚ್ಚವು ರೋಗದ ಭಾರವನ್ನು ನೇರವಾಗಿ ಅನುಸರಿಸುವುದಿಲ್ಲ, ರೋಗ ಹುಟ್ಟಿಸುವ ಭಯವನ್ನೂ, ಅದು ಯಾರನ್ನು ತಟ್ಟುವುದೆಂಬುದನ್ನೂ ಅನುಸರಿಸುತ್ತದೆ. ವೆಚ್ಚವು ಸಫಲವಾದಾಗ ಅದರ ಅಗತ್ಯವೇ ಕಣ್ಮರೆಯಾದಂತೆ ತೋರುತ್ತದೆ, ಅಪಾಯವಿರುವುದೂ ಅಲ್ಲಿಯೇ. ಆದುದರಿಂದ ಆಯವ್ಯಯದ ಅಂಕಿಗಳನ್ನು ಓದುವವರು ಅವುಗಳ ಪಕ್ಕದಲ್ಲಿ ಜನಗಣತಿಯನ್ನೂ ಮರಣದ ಲೆಕ್ಕವನ್ನೂ ಇಟ್ಟುಕೊಂಡು ಓದುವುದು ಉಚಿತ.