ಹೊಸ ಯಂತ್ರದೊಳಗೆ ಕುಳಿತ ಹಳೆಯ ಯಂತ್ರ

ಮನೆ ಬದಲಾಯಿಸುವುದನ್ನು ನೀವು ನೋಡಿರುತ್ತೀರಿ. ಪಾತ್ರೆಪಗಡ, ಪುಸ್ತಕ, ಹಾಸಿಗೆಗಳನ್ನು ಗಾಡಿಗೆ ಹೇರಿ ಸಾಗಿಸಿಬಿಡಬಹುದು. ಆದರೆ ಹಳೆಯ ಮನೆಯ ಗೋಡೆಯ ಅಳತೆಗೆಂದೇ ಮಾಡಿಸಿದ ಕಪಾಟು ಹೊಸ ಮನೆಯಲ್ಲಿ ಕೂರುವುದಿಲ್ಲ. ಗಣಕಯಂತ್ರಗಳ ಮಾತೂ ಹೀಗೆಯೇ. ಮಾಹಿತಿಯ ಕಡತಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೇಗೋ ಬಂದು ಸೇರುತ್ತವೆ. ಹಟ ಹಿಡಿಯುವುದು ಪ್ರೋಗ್ರಾಂ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆಗೆ ಈ ಹಟವೇ ದೊಡ್ಡ ಗಂಡಾಂತರವಾಗಿತ್ತು.

1959ರಲ್ಲಿ ಐಬಿಎಂ '1401' ಎಂಬ ಗಣಕವನ್ನು ಪ್ರಕಟಿಸಿತು. ಅದರ ಸ್ಮೃತಿಯಲ್ಲಿ ಹೆಚ್ಚೆಂದರೆ 16,000 ಅಕ್ಷರಗಳಿಗೆ ಜಾಗ. ಇಂದು ನಿಮಗೆ ನಗು ಬರಬಹುದು. ಆದರೆ ಸಂಬಳದ ಪಟ್ಟಿ, ಬ್ಯಾಂಕಿನ ಲೆಕ್ಕ, ವಿಮೆಯ ಕಂತು ಎಲ್ಲವನ್ನೂ ಅದು ನಿಭಾಯಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾದವು. ನಮ್ಮ ದೇಶಕ್ಕೂ ಬಂದವು. ಅದರ ಆದೇಶಗಳು ಸರಳವಾಗಿದ್ದವು. 'ಎ' ಅಕ್ಷರ ಎಂದರೆ ಕೂಡು, '1' ಎಂದರೆ ಕಾರ್ಡನ್ನು ಓದು, '2' ಎಂದರೆ ಒಂದು ಸಾಲು ಮುದ್ರಿಸು. ಸಂಖ್ಯೆ ಎಷ್ಟು ಉದ್ದವಾದರೂ ಇರಬಹುದಿತ್ತು. ಅದು ಎಲ್ಲಿ ಮುಗಿಯಿತೆಂದು ತಿಳಿಸಲು ಒಂದು ಗುರುತು ಇರುತ್ತಿತ್ತು.

1964ರ ಏಪ್ರಿಲ್ 7ರಂದು ಇದೇ ಸಂಸ್ಥೆ 'ಸಿಸ್ಟಂ/360' ಎಂಬ ಹೊಸ ಗಣಕ ಕುಟುಂಬವನ್ನು ಘೋಷಿಸಿತು. ಚಿಕ್ಕ ಮಾದರಿಗೆ ಬರೆದ ಪ್ರೋಗ್ರಾಂ ದೊಡ್ಡದರಲ್ಲೂ ನಡೆಯಬೇಕೆಂಬುದು ಅದರ ಹೆಮ್ಮೆ. ಆದರೆ 1401ಕ್ಕೂ ಇದಕ್ಕೂ ಭಾಷೆಯೇ ಬೇರೆ. ಹಳೆಯದರಲ್ಲಿ ಅಕ್ಷರಕ್ಕೆ 6 ಬಿಟ್, ಹೊಸದರಲ್ಲಿ 8. ಮಾಹಿತಿಯ ಮಟ್ಟಿಗೆ ಚಿಂತೆ ಕಡಿಮೆ: ರಂಧ್ರದ ಕಾರ್ಡುಗಳು ಅವೇ, ಹಳೆಯ ಟೇಪುಗಳನ್ನು ಓದುವ ಸಾಧನವೂ ಸಿಗುತ್ತಿತ್ತು. ಪ್ರೋಗ್ರಾಂಗಳ ಗತಿ?

ಮತ್ತೆ ಬರೆದರಾಯಿತಲ್ಲ ಎಂದು ನೀವು ಕೇಳಬಹುದು. ಬರೆದವರು ಕೆಲಸ ಬಿಟ್ಟುಹೋಗಿರುತ್ತಿದ್ದರು. ತಪ್ಪು ಕಂಡಾಗ ಮೂಲ ಪ್ರತಿಯನ್ನು ತಿದ್ದದೆ, ಯಂತ್ರ ಓದುವ ಕಾರ್ಡನ್ನೇ ತೂತು ಮಾಡಿ ಸರಿಪಡಿಸುವ ಅಭ್ಯಾಸವೂ ಇತ್ತು. ಹೀಗಾಗಿ ಕಾಗದದಲ್ಲಿದ್ದುದು ಒಂದು, ನಡೆಯುತ್ತಿದ್ದುದು ಇನ್ನೊಂದು. ಮೇಲಾಗಿ ಹೆಚ್ಚಿನ ಯಂತ್ರಗಳು ಬಾಡಿಗೆಯವು. ಗ್ರಾಹಕನಿಗೆ ಬೇಸರವಾದರೆ ಯಂತ್ರವನ್ನು ಹಿಂದಿರುಗಿಸಿ ಬೇರೆಯವರ ಬಳಿಗೆ ಹೋಗಬಹುದಿತ್ತು. ಪ್ರತಿಸ್ಪರ್ಧಿ ಹನಿವೆಲ್ ಇದನ್ನು ಚೆನ್ನಾಗಿ ಅರಿತಿತ್ತು. 1963ರ ಡಿಸೆಂಬರಿನಲ್ಲಿಯೇ ಅದು 1401ನ್ನು ಹೋಲುವ 'ಹನಿವೆಲ್ 200' ಯಂತ್ರವನ್ನೂ, ಹಳೆಯ ಪ್ರೋಗ್ರಾಂಗಳನ್ನು ತಾನಾಗಿಯೇ ಬದಲಾಯಿಸಿಕೊಡುವ 'ಲಿಬರೇಟರ್' ಎಂಬ ಸಾಧನವನ್ನೂ ಮುಂದಿಟ್ಟಿತು. ಲಿಬರೇಟರ್ ಎಂದರೆ ಬಿಡುಗಡೆ ಮಾಡುವವನು. ಯಾರಿಂದ ಬಿಡುಗಡೆ ಎಂದು ಬಿಡಿಸಿ ಹೇಳಬೇಕಿಲ್ಲ! ಹೊಸ ಕುಟುಂಬದ ಆಸೆ ಬಿಟ್ಟು 1401ನ್ನೇ ಚುರುಕುಗೊಳಿಸಿ ಮಾರೋಣ ಎಂಬ ವಾದ ಐಬಿಎಂ ಒಳಗೂ ಎದ್ದಿತು.

ದಾರಿ ತೋರಿಸಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮಾರಿಸ್ ವಿಲ್ಕ್ಸ್ 1951ರಲ್ಲಿ ಮುಂದಿಟ್ಟಿದ್ದ ವಿಚಾರ. ಅದನ್ನು ಮೈಕ್ರೋಪ್ರೋಗ್ರಾಂ ಎನ್ನುತ್ತಾರೆ. 'ಕೂಡು' ಎಂಬ ಒಂದು ಆದೇಶ ಯಂತ್ರದೊಳಗೆ ಹಲವು ಪುಟ್ಟ ಹೆಜ್ಜೆಗಳಾಗಿ ನಡೆಯುತ್ತದೆ. ಆ ಹೆಜ್ಜೆಗಳನ್ನು ತಂತಿಗಳಲ್ಲಿ ಬಿಗಿದು ಬಿಡದೆ, ಒಂದು ಕಿರು ಸ್ಮೃತಿಯಲ್ಲಿ ಬರೆದಿಡಬಹುದು. 360ರ ಮಾದರಿ 30ರಲ್ಲಿ ಈ ಸ್ಮೃತಿ, ಮಾಮೂಲಿ ರಂಧ್ರದ ಕಾರ್ಡಿನ ಅಳತೆಯ ಪ್ಲಾಸ್ಟಿಕ್ ಹಾಳೆಗಳಲ್ಲಿತ್ತು. ಅಂಥ ಇನ್ನೊಂದಿಷ್ಟು ಹಾಳೆಗಳಲ್ಲಿ 1401ರ ಆದೇಶಗಳ ಹೆಜ್ಜೆಗಳನ್ನು ತುಂಬಿದರೆ? ಅದೇ ಯಂತ್ರ 1401ರ ವೇಷ ತೊಡುತ್ತದೆ! ಈ ವಿದ್ಯೆಗೆ 'ಎಮ್ಯುಲೇಷನ್' ಎಂಬ ಹೆಸರು ಬಂತು. ವೇಷಧಾರಿ ಮೂಲ 1401ಕ್ಕಿಂತಲೂ ಬೇಗ ಕೆಲಸ ಮುಗಿಸಿತು. ಒಳಜಗಳ ತಣ್ಣಗಾಯಿತು.

ನನ್ನ ಅಭಿಪ್ರಾಯದಲ್ಲಿ ಇದರ ಪರಿಣಾಮ ಪೂರ್ತಿ ಸುಖಕರವಲ್ಲ. ಹೊಸದಾಗಿ ಬರೆಯುವ ಒತ್ತಾಯ ತಪ್ಪಿದ್ದರಿಂದ ಬರೆಯುವವರೂ ಕಡಿಮೆಯಾದರು. ಹೊಸ ಯಂತ್ರಕ್ಕೆ ಬಾಡಿಗೆ ಕಟ್ಟಿ, ಅದರಲ್ಲಿ ವರ್ಷಗಟ್ಟಲೆ 1401ರ ಪ್ರೋಗ್ರಾಂಗಳನ್ನೇ ನಡೆಸಿದ ಕಚೇರಿಗಳಿದ್ದವು. ಸ್ಮೃತಿಯನ್ನು ಉಳಿಸಲು ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ಆ ಕಾಲದ ಪದ್ಧತಿ ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಬಂದು, 2000ನೇ ಇಸವಿ ಹತ್ತಿರವಾದಾಗ ಜಗತ್ತನ್ನೆಲ್ಲ ಕಾಡಿತು.

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರು ಎರಡು 1401 ಯಂತ್ರಗಳನ್ನು ರಿಪೇರಿ ಮಾಡಿ ಮತ್ತೆ ನಡೆಯುವಂತೆ ಮಾಡಿದ್ದಾರೆ. ಕಾರ್ಡು ಹಾಕಿದರೆ ಅವು ಇಂದಿಗೂ '1' ಎಂದಾಗ ಓದುತ್ತವೆ, '2' ಎಂದಾಗ ಮುದ್ರಿಸುತ್ತವೆ.