ಮುತ್ತಿನ ಚಹಾ, ಕೆಂಪು ಸಂಡಿಗೆ

ಹೋದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಬಂದ ಮಗಳು ಬ್ಯಾಗು ಇಳಿಸುವ ಮೊದಲೇ, "ಅಮ್ಮ, ಮನೇಲಿ ಸಬ್ಬಕ್ಕಿ ಇದೆಯಾ?" ಎಂದು ಕೇಳಿದಳು. ಸಂಡಿಗೆ ಇಡುವ ಕಾಲದಲ್ಲಿ ಸಬ್ಬಕ್ಕಿ ಇಲ್ಲದ ಮನೆ ಯಾವುದು? ಡಬ್ಬದ ತುಂಬ ಇತ್ತು. ಪಾಯಸ ತಿನ್ನಬೇಕೆನಿಸಿರಬೇಕು ಪಾಪ, ಎಂದು ಹಾಲು ಕಾಯಲಿಟ್ಟೆ. "ಪಾಯಸಕ್ಕಲ್ಲಮ್ಮ, ಟೀಗೆ ಹಾಕೋಕೆ" ಎಂದಳು.

ಅವಳ ಆಫೀಸಿನ ಎದುರಿಗೇ ಒಂದು ಅಂಗಡಿಯಂತೆ. ತಣ್ಣನೆಯ ಹಾಲು ಬೆರೆಸಿದ ಚಹಾ, ಲೋಟದ ತಳದಲ್ಲಿ ದಪ್ಪ ಕಡಲೆಕಾಳಿನಂಥ ಕಪ್ಪು ಗುಂಡುಗಳು, ಅವನ್ನು ಹೀರಿ ಮೇಲಕ್ಕೆಳೆಯಲು ಕಿರುಬೆರಳು ದಪ್ಪದ ಕೊಳವೆ. ಹೆಸರು ಬಬಲ್ ಟೀ. ಬೆಲೆ ಇನ್ನೂರು ರೂಪಾಯಿ ಎಂದಾಗ ನನ್ನ ಬಾಯಿಂದ ತಾನಾಗಿ ಮಾತು ಬಂತು: "ಇನ್ನೂರು ರೂಪಾಯಿಗೆ ಎರಡು ಕೇಜಿ ಸಬ್ಬಕ್ಕಿ ಬರುತ್ತಲ್ಲೇ!" ಆ ಮಾತಿಗೇ ನಾನು ಸಿಕ್ಕಿಬಿದ್ದದ್ದು. ಹಾಗಾದರೆ ನೀನೇ ಮಾಡಿಕೊಡು ಎಂದಳು.

ಮೊದಲ ಪ್ರಯತ್ನದ ವಿಷಯ ಹೆಚ್ಚು ಹೇಳದಿರುವುದೇ ಒಳ್ಳೆಯದು. ಉಪ್ಪಿಟ್ಟಿಗೆ ನೆನೆಹಾಕುವಂತೆ ಸಬ್ಬಕ್ಕಿ ನೆನೆಹಾಕಿ, ಬೇಯಿಸಿ, ಆರಿದ ಚಹಾಕ್ಕೆ ಸುರಿದೆ. ಅರ್ಧ ಗಂಟೆಯಲ್ಲಿ ಚಹಾ ಗಂಜಿಯಾಯಿತು. ನಮ್ಮ ಯಜಮಾನರು ಒಂದು ಗುಟುಕು ಕುಡಿದು, "ಜ್ವರ ಯಾರಿಗೆ ಬಂದಿದೆ?" ಎಂದು ಕೇಳಿ ಲೋಟ ಕೆಳಗಿಟ್ಟರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಅಡುಗೆ ಕೆಟ್ಟರೂ ಕಾರಣ ಹುಡುಕದೆ ಬಿಡುವುದಿಲ್ಲ. ಸಬ್ಬಕ್ಕಿಯ ಜಾತಕ ಬಿಡಿಸುತ್ತ ಹೋದೆ. ಮಲಯ ದ್ವೀಪಗಳ ಕಡೆ ಸಾಗು ಎಂಬ ತಾಳೆಜಾತಿಯ ಮರವಿದೆ. ಅದರ ಕಾಂಡದ ತಿರುಳಿನ ಹಿಟ್ಟಿನಿಂದ ಮಾಡುತ್ತಿದ್ದ ಕಾಳೇ ಮೂಲ ಸಾಗು. ನಮ್ಮ ಅಂಗಡಿಗಳಲ್ಲಿ ಸಿಗುವ ಸಬ್ಬಕ್ಕಿಗೂ ಆ ಮರಕ್ಕೂ ಹೆಸರಿನ ನಂಟು ಮಾತ್ರ. ಇದು ಮರಗೆಣಸಿನದು. ಮರಗೆಣಸಿನ ತವರು ದಕ್ಷಿಣ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅದನ್ನು ಬೆಳೆದವರು. ಆ ಗೆಡ್ಡೆಯ ಕಹಿ ಜಾತಿಯಲ್ಲಿ ಸಯನೈಡ್ ಹುಟ್ಟಿಸುವ ವಿಷವಿದೆ. ಸಿಪ್ಪೆ ಸುಲಿದು, ತುರಿದು, ಬೆತ್ತದ ಹೆಣಿಗೆಯ ಉದ್ದ ಕೊಳವೆಗೆ ತುಂಬಿ ಹಿಂಡಿ, ಬಾಣಲೆಯಲ್ಲಿ ಹುರಿದು, ವಿಷವನ್ನು ಅನ್ನ ಮಾಡಿದವರು ಅಮೆಜಾನ್ ಕಾಡಿನ ಹೆಂಗಸರು. ಟ್ಯಾಪಿಯೋಕಾ ಎಂಬ ಮಾತೇ ಬ್ರೆಜಿಲಿನ ಟುಪಿ ಭಾಷೆಯದು. ಹಿಂಡಿದರೆ ವಿಷ ಹೋಗುತ್ತದೆ ಎಂದು ಮೊದಲು ಕಂಡುಕೊಂಡವಳು ಯಾರೋ, ಅದಕ್ಕೆ ಮೊದಲು ಎಷ್ಟು ಜನ ತಿಂದು ಸತ್ತರೋ. ಯಾವ ಪುಸ್ತಕದಲ್ಲೂ ಅವಳ ಹೆಸರಿಲ್ಲ.

ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಗೆಡ್ಡೆ ಕಡಲು ದಾಟಿತು. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆ ಇದೇ ಮದ್ದೆಂದು ಮುತುವರ್ಜಿ ವಹಿಸಿ ಬೆಳೆಸಿದರು. ಅದರ ಬೆಲೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಅಕ್ಕಿ ಬರುವುದು ನಿಂತಾಗ ಮಲಯಾಳಿಗಳ ಹೊಟ್ಟೆ ಹಿಡಿದದ್ದು ಈ ಕಪ್ಪೆಯೇ. (ಕಪ್ಪೆ ಎಂದರೆ ಅವರ ಮಾತಿನಲ್ಲಿ ಮರಗೆಣಸು, ಗಾಬರಿಯಾಗಬೇಡಿ.) ಅದೇ ಯುದ್ಧದಿಂದ ಮಲಯದ ಸಾಗು ಬರುವುದೂ ನಿಂತಿತು. 1943ರ ಸುಮಾರಿಗೆ ತಮಿಳುನಾಡಿನ ಸೇಲಂನಲ್ಲಿ ಮರಗೆಣಸನ್ನು ಅರೆದು, ಹಾಲು ಸೋಸಿ, ತಳಕ್ಕಿಳಿದ ಹಿಟ್ಟನ್ನು ಕುಲುಕಿ ಕಾಳುಗಟ್ಟಿಸಿ ಹುರಿಯುವ ಕೆಲಸ ಮನೆಕಸುಬಿನಂತೆ ಶುರುವಾಯಿತು. ಇಂದು ನಮ್ಮ ಡಬ್ಬಗಳನ್ನು ತುಂಬುವುದು ಬಹುಮಟ್ಟಿಗೆ ಆ ಸೀಮೆಯದೇ. 2023ರಲ್ಲಿ ಸೇಲಂ ಜವ್ವರಿಶಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಇದನ್ನು ಓದುವಾಗ ನನಗೆ ನೆನಪಾದದ್ದು ಚಿಕ್ಕಜ್ಜಿ. ನಮ್ಮಜ್ಜಿಯ ಓರಗಿತ್ತಿ. ಮದುವೆಯಾದ ಎರಡು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಕೊನೆಯವರೆಗೂ ನಮ್ಮ ಮನೆಯ ಒಲೆಯ ಮುಂದೆಯೇ ಇದ್ದವರು. ಏಕಾದಶಿಯ ದಿನ ಅವರ ಬಾಯಿಗೆ ಅನ್ನದ ಅಗುಳು ಹೋಗುತ್ತಿರಲಿಲ್ಲ. ಸಬ್ಬಕ್ಕಿ ಧಾನ್ಯವಲ್ಲ ಎಂದು ಅದನ್ನಷ್ಟೇ ಮಜ್ಜಿಗೆಯಲ್ಲಿ ಕಲಸಿಕೊಳ್ಳುತ್ತಿದ್ದರು. ಪರದೇಶದ ಪದಾರ್ಥವೆಂದು ಟೊಮೇಟೊ ಮುಟ್ಟದ ಆಕೆ, ಬ್ರೆಜಿಲಿನ ಗೆಡ್ಡೆಯಿಂದ ಏಕಾದಶಿ ಮಾಡುತ್ತಿದ್ದರು! ಬದುಕಿದ್ದರೆ ಹೇಳುತ್ತಿದ್ದೆನೇ? ಇಲ್ಲ. ಹೇಳಿದ್ದರೆ ಆ ಒಂದು ಹಿಡಿಯನ್ನೂ ಬಿಟ್ಟುಬಿಡುತ್ತಿದ್ದರು.

ಚಹಾಕ್ಕೆ ಬರೋಣ. ನಮ್ಮ ಸಬ್ಬಕ್ಕಿ ಸಣ್ಣದು. ನೆನೆದು ಬೆಂದ ಮೇಲೆ ಅಗಿಯಲು ಅದರಲ್ಲಿ ಏನೂ ಉಳಿಯುವುದಿಲ್ಲ. ಚಹಾದ ಗುಂಡು ರಬ್ಬರಿನಂತೆ ಹಲ್ಲಿಗೆ ಎದುರಾಡಬೇಕು. ಅದಕ್ಕೆ ಮರಗೆಣಸಿನ ಹಿಟ್ಟಿನಿಂದಲೇ ಕಟ್ಟಬೇಕೆಂದು ತಿಳಿದು, ಮಗಳು ಮುಂದಿನ ವಾರ ಅಲ್ಲಿಂದ ಒಂದು ಪೊಟ್ಟಣ ತಂದಳು. ಅವಳೇ ತಣ್ಣೀರು ಹಾಕಿ ಕಲಸಿದಳು. ವಿಚಿತ್ರ ಪದಾರ್ಥ! ಮುಷ್ಟಿಯಲ್ಲಿ ಹಿಡಿದರೆ ಕಲ್ಲು, ಬಿಟ್ಟರೆ ಬೆರಳ ಸಂದಿಯಲ್ಲಿ ಹರಿಯುವ ನೀರು. "ಸರಿ ಸರಿ, ಅಕ್ಕಿ ಕಡುಬಿಗೆ ಹಿಟ್ಟು ಉಕ್ಕರಿಸೋದು ಮರೆತೆಯಾ?" ಎಂದೆ. ಕುದಿನೀರು ಬಿದ್ದರೆ ಹಿಟ್ಟಿನ ಒಂದು ಪಾಲು ಅಲ್ಲೇ ಬೆಂದು ಅಂಟಾಗುತ್ತದೆ. ಆ ಅಂಟು ಉಳಿದ ಹಸಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ತೈವಾನಿನವರ ಗುಟ್ಟು ನಮ್ಮ ಕಡುಬಿನ ಗುಟ್ಟೇ.

ಒಂದು ಲೋಟ ಹಿಟ್ಟಿಗೆ ಕಾಲು ಲೋಟಕ್ಕಿಂತ ತುಸು ಹೆಚ್ಚು ನೀರು, ಕಾಲು ಲೋಟ ಪುಡಿಬೆಲ್ಲ. ಬೆಲ್ಲದ ನೀರು ತಳಮಳ ಕುದಿಯುವಾಗಲೇ ಹಿಟ್ಟಿಗೆ ಸುರಿದು ಸೌಟಿನಲ್ಲಿ ಕಲಸಿ, ಕೈ ತಾಳುವಷ್ಟಾದಾಗ ನಾದಬೇಕು. ಹೊಸೆದು, ಕತ್ತರಿಸಿ, ಕಡಲೆಕಾಳಿಗಿಂತ ಸಣ್ಣದಾಗಿ ಉಂಡೆ ಮಾಡಬೇಕು, ಬೆಂದರೆ ಉಬ್ಬುತ್ತದೆ. ಧಾರಾಳ ನೀರು ಕುದಿಯುವಾಗ ಹಾಕಿ ಇಪ್ಪತ್ತು ಇಪ್ಪತ್ತೈದು ನಿಮಿಷ, ಒಲೆ ಆರಿಸಿ ಮುಚ್ಚಿಟ್ಟು ಮತ್ತೆ ಅಷ್ಟೇ ಹೊತ್ತು. ತಣ್ಣೀರಿನಲ್ಲಿ ತೊಳೆದು ಬೆಲ್ಲದ ಪಾಕಕ್ಕೆ. ಫ್ರಿಜ್ಜಿನಲ್ಲಿಟ್ಟರೆ ಗೋಲಿಯಾಗುತ್ತದೆ, ಅಂದಂದೇ ಮುಗಿಸಿ. ಕಡು ಚಹಾ, ಹಾಲು, ಮಂಜುಗಡ್ಡೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿ ಚೆನ್ನಾಗಿ ಕುಲುಕಿದರೆ ಮೇಲೆ ನೊರೆ ಬರುತ್ತದೆ. ಬಬಲ್ ಎಂಬ ಹೆಸರು ಬಂದದ್ದು ಆ ನೊರೆಗೆ, ಗುಂಡುಗಳಿಗಲ್ಲ. (ಬೋಬಾ ಎಂದು ಇನ್ನೊಂದು ಹೆಸರಿದೆ. ಅದರ ಅರ್ಥ ಕೇಳಬೇಡಿ, ನಾನು ಮೇಷ್ಟ್ರಮ್ಮ.) ದಪ್ಪ ಕೊಳವೆ ನಮ್ಮೂರಿನಲ್ಲೆಲ್ಲಿ? ಚಮಚದಲ್ಲೇ ತಿಂದೆವು. ಯಜಮಾನರು ಎರಡನೆಯ ಲೋಟ ಕೇಳಿದರು.

ಇನ್ನು ಇದನ್ನು ಮೊದಲು ಮಾಡಿದವರ ಕಥೆ. ತೈವಾನಿನಲ್ಲಿ ಚಹಾ ಹಳೆಯದು. ಜಪಾನೀಯರು ಆ ದ್ವೀಪವನ್ನು ಆಳುತ್ತಿದ್ದಾಗ, 1925ರಲ್ಲಿ, ನಮ್ಮ ಅಸ್ಸಾಮಿನ ಚಹಾ ತಳಿಯನ್ನೂ ಅಲ್ಲಿಗೆ ಒಯ್ದು ಬೆಳೆಸಿದ್ದರು. ಫೆನ್ ಯುವಾನ್ ಎಂಬ ಗೆಣಸುಹಿಟ್ಟಿನ ಗುಂಡುಗಳನ್ನು ಸಕ್ಕರೆಪಾಕದಲ್ಲಿ ಹಾಕಿ, ತುರಿದ ಮಂಜಿನ ಜೊತೆ ತಿನ್ನುವುದೂ ಅಲ್ಲಿ ಹಳೆಯದೇ. ಎರಡನ್ನೂ ಒಂದೇ ಲೋಟಕ್ಕೆ ಹಾಕಿದ್ದು ಮಾತ್ರ 1980ರ ದಶಕದಲ್ಲಿ. ತೈಚುಂಗ್ ಊರಿನ ಚುನ್ ಶುಯಿ ಟಾಂಗ್ ಎಂಬ ಚಹಾದಂಗಡಿಯವರು ತಣ್ಣನೆಯ ಚಹಾ ಕುಲುಕಿ ಕೊಡುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಲಿನ್ ಶಿಯು ಹುಯಿ ಎಂಬ ಹೆಣ್ಣುಮಗಳು ಅಂಗಡಿಯವರ ಸಭೆಯೊಂದರಲ್ಲಿ ಕುಳಿತಿದ್ದಾಗ, ತಾನು ತಂದಿದ್ದ ಫೆನ್ ಯುವಾನನ್ನು ತಮಾಷೆಗೆ ಚಹಾಕ್ಕೆ ಸುರಿದುಕೊಂಡು ಕುಡಿದಳು ಎನ್ನುವುದು ಅವರ ಮಾತು. ಅದು 1987ರ ಆಸುಪಾಸು. ತೈನಾನ್ ಊರಿನ ಹಾನ್‌ಲಿನ್ ಅಂಗಡಿಯ ಯಜಮಾನ ತು ತ್ಸುಂಗ್ ಹೊ ಹೇಳುವುದೇ ಬೇರೆ. 1986ರಲ್ಲಿ ಸಂತೆಯಲ್ಲಿ ಬಿಳಿ ಫೆನ್ ಯುವಾನ್ ಕಂಡು ಚಹಾಕ್ಕೆ ಹಾಕಿದವನು ತಾನು. ಮುತ್ತಿನಂತೆ ಕಂಡದ್ದರಿಂದ ಮುತ್ತಿನ ಚಹಾ ಎಂದು ಹೆಸರಿಟ್ಟವನೂ ತಾನು.

ಜಗಳ ನ್ಯಾಯಾಲಯ ಹತ್ತಿತು. ಹತ್ತು ವರ್ಷ ಎಳೆದು 2019ರಲ್ಲಿ ತೀರ್ಪು ಬಂತು: ಈ ಪಾನೀಯಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು, ಹಾಗಾಗಿ ಮೊದಲು ಮಾಡಿದವರು ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ.

ಮಗಳಿಗೆ ಇದು ಬಹಳ ಹಿಡಿಸಿತು. "ಎಷ್ಟು ಚೆನ್ನಾಗಿ ಹೇಳಿದಾರೆ ನೋಡಮ್ಮ, ಎಲ್ಲರದೂ" ಎಂದಳು. ನನಗೆ ಹಿಡಿಸಲಿಲ್ಲ. ಕಾನೂನಿಗೆ ಅಗತ್ಯವಿಲ್ಲ, ಒಪ್ಪಿದೆ. ಆದರೆ ಎಲ್ಲರದೂ ಎನ್ನುವ ಮಾತಿನಲ್ಲಿ ಯಾರ ಪಾಲು ಮುಳುಗುತ್ತದೆ ಎಂಬುದು ನನಗೆ ಗೊತ್ತು.

ನಮ್ಮ ಬಳಗದಲ್ಲಿ ಮದುವೆಯೆಂದರೆ ಕೆಂಪು ಸಂಡಿಗೆ ಇರಲೇಬೇಕು. ಸಬ್ಬಕ್ಕಿ ಗಂಜಿಗೆ ಹಣ್ಣು ಟೊಮೇಟೊ ರಸ, ಹಸಿಮೆಣಸಿನಕಾಯಿ, ಜೀರಿಗೆ ಬೆರೆಸಿ ಬಿಸಿಲಿಗೆ ಇಡುವುದು. ಎಲ್ಲರೂ ಅದನ್ನು ನಮ್ಮಜ್ಜಿಯ ಸಂಡಿಗೆ ಎನ್ನುತ್ತಾರೆ. ಅಜ್ಜಿ ಮನೆಯ ಹಿರಿಸೊಸೆ, ಹಂಚುತ್ತಿದ್ದವರು ಅವರು, ಹೊಗಳಿಕೆ ಅವರಿಗೆ. ಆದರೆ 1976ರ ಬೇಸಿಗೆಯಲ್ಲಿ ನನಗೆ ಎಂಟು ವರ್ಷ. ತೋಟದಿಂದ ಬಂದ ಟೊಮೇಟೊ ಒಂದು ಮಂಕರಿ ಕೊಳೆಯತೊಡಗಿತ್ತು. ಅಜ್ಜಿ ತಮ್ಮನ ಮನೆಗೆ ಹೋಗಿದ್ದರು. ಒಲೆಯ ಮುಂದೆ ಇದ್ದದ್ದು ಚಿಕ್ಕಜ್ಜಿ ಒಬ್ಬರೇ. ಹಣ್ಣು ಹಿಂಡಿ ಗಂಜಿಗೆ ಬೆರೆಸಿ, ಅಂಗೈ ಮೇಲೆ ಒಂದು ತೊಟ್ಟು ಬಿಟ್ಟು, "ಉಪ್ಪು ಸಾಕೇನೇ, ನೋಡು" ಎಂದರು. ತಾವು ನೋಡುವಂತಿರಲಿಲ್ಲವಲ್ಲ. ನಾನು ನೆಕ್ಕಿ, ಇನ್ನೊಂದು ಚೂರು ಹಾಕಿ ಎಂದೆ. ಹಾಕಿದರು. ಮೂರು ಸಲ ನೆಕ್ಕಿದ್ದೇನೆ. ತಾವು ಮಾಡಿದ್ದರ ರುಚಿ ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. ನಮ್ಮಜ್ಜಿಯನ್ನು ಎಲ್ಲರೂ ಹೊಗಳುವಾಗ ಆಕೆ ಬಾಗಿಲ ಹಿಂದೆ ಎಲೆ ಒರೆಸುತ್ತ ಕುಳಿತಿರುತ್ತಿದ್ದರು. ಆ ಹೊತ್ತಿನಲ್ಲಿ ನಾನಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜಿ ಕೊಡುವ ಸಂಡಿಗೆಯ ಆಸೆಗೆ ಸುಮ್ಮನಿದ್ದೆ. ಐವತ್ತು ವರ್ಷ ಹತ್ತಿರ ಬಂತು.

ಮಗಳು ಹೊರಡುವ ದಿನ ಅವಳಿಗೆ ಎರಡು ಡಬ್ಬ ಸಂಡಿಗೆ ಕಟ್ಟಿದೆ. ಯಾವುದು ಯಾವುದೆಂದು ತಿಳಿಯಲಿ ಎಂದು ಮೇಲೆ ಚೀಟಿ ಅಂಟಿಸಿದೆ. ಕೆಂಪಿನದರ ಮೇಲೆ "ಚಿಕ್ಕಜ್ಜಿ ಸಂಡಿಗೆ" ಎಂದು ಬರೆದು ಕೆಳಗೆ 1976 ಎಂದು ಹಾಕಿದೆ. ಅವಳು ಅದರ ಫೋಟೊ ತೆಗೆದು ಬಳಗದವರಿಗೆಲ್ಲ ಕಳಿಸಿಬಿಟ್ಟಳು. ಮರುದಿನ ಬೆಳಿಗ್ಗೆ ಏಳು ಗಂಟೆಗೇ ನಮ್ಮ ದೊಡ್ಡಪ್ಪನ ಮಗಳು ಫೋನ್ ಮಾಡಿದಳು. "ಏನೇ ಇದು, ಅಜ್ಜಿ ಹೆಸರು ಅಳಿಸೋಕೆ ಹೊರಟಿದೀಯಾ? ನೋಡಿದವರು ಯಾರೇ?" ಎಂದಳು. ನಾನು ನೋಡಿದ್ದೇನೆ, ಉಪ್ಪು ನೋಡಿದವಳೇ ನಾನು ಎಂದೆ. ಫೋನು ಇಟ್ಟಳು. ಯುಗಾದಿ ಕಳೆದು ಗೌರಿ ಹಬ್ಬ ಬಂತು, ಇನ್ನೂ ಮಾತಾಡಿಲ್ಲ.