ಲಕ್ಕುಂಡಿ, ನರೇಗಲ್ಲ, ಸೂಡಿ: ಬುತ್ತಿ ಕಟಗೊಂಡು ಹೋದ ಒಂದಿನ

ಹೋದ ಮಾರ್ಗಶಿರದಾಗ ನಾವು ಮೂರು ಮಂದಿ ಹೆಂಗಸರು, ಅಂದ್ರ ನಮ್ಮ ಅತ್ತಿಯವರು, ನೆಗೆಣ್ಣಿ ಮತ್ತ ನಾನು, ಧಾರವಾಡದಿಂದ ಬಾಡಿಗಿ ಕಾರ್ ಮಾಡ್ಕೊಂಡು ಗದಗ ಸೀಮಿಗೆ ಹೋಗಿದ್ವಿ. ಹಂಪಿ, ಬಾದಾಮಿ ಎಲ್ಲಾರೂ ನೋಡ್ಯಾರ. ಈ ಸಣ್ಣ ಊರುಗಳಿಗೆ ಯಾರು ಹೋಗ್ತಾರ? ಬೀಗರಿದ್ರ ಲಗ್ನಕ್ಕ ಹೋಗಿ ಉಂಡು ಬರ್ತೀವಿ, ಅಷ್ಟ. ಊರ ನಡುವಿನ ಗುಡಿ ಯಾರು ಕಟ್ಟಿಸಿದ್ರು ಅಂತ ಕೇಳೂದಿಲ್ಲ. ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟಗೊಂಡು ನಸಿಕಿನ್ಯಾಗ ಬಿಟ್ವಿ.

ಮೊದಲು ಲಕ್ಕುಂಡಿ. ಗದಗ ದಾಟಿ ಕೊಪ್ಪಳದ ರಸ್ತೆದಾಗ ಸುಮಾರು 12 ಕಿಲೋಮೀಟರ್. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರಿನವ್ರು ಹೇಳ್ತಾರ. ಹಿಂದಕ್ಕ ಇದರ ಹೆಸರು ಲೊಕ್ಕಿಗುಂಡಿ, ನಾಣ್ಯ ಟಂಕಿಸೋ ಟಂಕಸಾಲಿ ಇದ್ದ ಊರು. ಈಗ ಮನಿ ಗ್ವಾಡಿಗೆ ಗ್ವಾಡಿ ಹಚ್ಚಿ ಗುಡಿ ಅದಾವ. ಮುಸುಕಿನ ಬಾವಿ ಪಾವಟಿಗಿ ಇಳಿಯಾಕ ಅತ್ತಿಯವರಿಗೆ ಮೊಣಕಾಲು ಬಿಡಲಿಲ್ಲ, ಮ್ಯಾಲೆ ಕುಂತs ನೋಡಿದ್ರು. ನಾವು ಹುಡುಕ್ಕೊಂಡು ಹೋಗಿದ್ದು ಮಾತ್ರ ಬ್ರಹ್ಮ ಜಿನಾಲಯ. ಬಳಪದ ಕಲ್ಲಿನ ಬಸದಿ, ಒಳಗ ನಾಕು ಮುಖದ ಬ್ರಹ್ಮ ನಿಂತಾನ. ಇದನ್ನ ಕಟ್ಟಿಸಿದಾಕಿ ಅತ್ತಿಮಬ್ಬೆ. ಆಕಿ ಸುದ್ದಿ ಹೇಳೋ ಇಲ್ಲಿಯ ಶಾಸನ 1007ರದ್ದು.

ಅತ್ತಿಮಬ್ಬೆ ಅಂದ್ರ ದಾನಚಿಂತಾಮಣಿ, ಸಾಲ್ಯಾಗ ಅಷ್ಟs ಬಾಯಿಪಾಠ ಮಾಡಿದ್ವಿ. ಕತಿ ಅಷ್ಟಕ್ಕ ಮುಗಿಯೂದಿಲ್ಲ. ಮಲ್ಲಪ ಅನ್ನೋ ದಂಡನಾಯಕನ ಮಗಳು ಆಕಿ. ಆಕಿನ್ನೂ ಆಕಿ ತಂಗಿ ಗುಂಡಮಬ್ಬೆನ್ನೂ ಒಬ್ಬಗs ಕೊಟ್ಟಿದ್ರು. ಆತನ ಹೆಸರು ನಾಗದೇವ, ಚಾಲುಕ್ಯರ ತೈಲಪನ ಕಡೆ ದಂಡಿನವ. ಅವ ಯುದ್ಧದಾಗ ಸತ್ತಾಗ ತಂಗಿ ಚಿತಿ ಏರಿದಳು. ಅಕ್ಕ ಸಣ್ಣ ಕೂಸಿನ ಸಲುವಾಗಿ ಉಳಿದಳು.

ಇದನ್ನ ನಾ ಓದಿ ಹೇಳಿದಾಗ ನೆಗೆಣ್ಣಿ 'ಅಯ್ಯ ಶಿವನ' ಅಂದ್ಲು. ಅತ್ತಿಯವರು ಏನೂ ಅನಲಿಲ್ಲ. ನಮ್ಮ ಮಾವನವರು ಹೋದಾಗ ಮಕ್ಕಳಿನ್ನೂ ಸಾಲಿಗೆ ಹೋಗ್ತಿದ್ವು ಅನ್ನೋದು ನಿಮಗ ಗೊತ್ತs ಐತಿ. ಆಮ್ಯಾಲೆ ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು ನೀರು ಕುಡದು, 'ಹೋಗೂದು ಒಂದs ದಿನದ ಮಾತು. ಉಳಿಯೂದು ಸಸಾರೇನು?' ಅಂದ್ರು.

ಉಳಿದಾಕಿ ಏನೇನು ಮಾಡಿದಳು ಕೇಳ್ರಿ. ಆಕಿ ಅಪ್ಪ, ಕಾಕಾ ಕೂಡಿ ಕವಿ ಪೊನ್ನನ ಕಡೆಯಿಂದ ಶಾಂತಿಪುರಾಣ ಬರೆಸಿದ್ರು. ಆ ಪುಸ್ತಕ ಅಳದು ಹೋಗಬಾರದು ಅಂತ ಈಕಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಗ ಅಚ್ಚಿನ ಮಷಿನ್ ಇಲ್ಲ, ಝೆರಾಕ್ಸ್ ಇಲ್ಲ. ತಾಳಿಗರಿ ಮ್ಯಾಲೆ ಒಂದೊಂದ ಅಕ್ಷರ ಕೊರದು ಬರೀಬೇಕು. ಸಾವಿರ ಪುಸ್ತಕಕ್ಕ ಎಷ್ಟ ಮಂದಿ ಬರದಾರೂ, ಅವರಿಗೆ ಎಷ್ಟ ದಿನ ಅಡಗಿ ಆಗೇತೋ! ನನಗ ಮೊದಲು ನೆನಪಾಗಿದ್ದು ಆ ಅಡಗಿನ. ಬಳಿಗಾರರ ಮನಿತನದಾಗ ಹುಟ್ಟಿದ ಕವಿ ರನ್ನ 993ರಾಗ ಅಜಿತಪುರಾಣ ಬರದದ್ದೂ ಈಕಿ ಆಸರದಿಂದs. ಆತ ತನ್ನ ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಋಣ ತೀರಿಸೋದಂದ್ರ ಹಿಂಗ.

ತಿರುಗಿ ಗದಗಿಗೆ ಬಂದು ಗಜೇಂದ್ರಗಡದ ರಸ್ತೆ ಹಿಡದ್ವಿ. ಎರಡೂ ಕಡೆ ಎರಿ ಹೊಲ, ಬಿಳಿಜ್ವಾಳ ಹೊಡಿ ಹಿರದಿತ್ತು. ಒಂದು ಬೇವಿನ ಗಿಡದ ಬುಡಕ ಬುತ್ತಿ ಬಿಚ್ಚಿ ಉಂಡ್ವಿ. ಡ್ರೈವರ ಹುಡುಗಗ ಎಣಗಾಯಿ ಖಾರ ಆತು, ಪಾಪ, ಮೊಸರೆಲ್ಲಾ ಅವಗs ಹಾಕಿದ್ವಿ.

ನರೇಗಲ್ಲದಾಗ 'ನಾರಾಯಣ ಗುಡಿ' ಅಂತ ಕೇಳಬೇಕು, ಬಸದಿ ಅಂದ್ರ ತಿಳಿಯೂದಿಲ್ಲ. ನಾವು ಎರಡು ಸಲ ದಾರಿ ತಪ್ಪಿದ್ವಿ. ರಾಷ್ಟ್ರಕೂಟರ ಕಾಲದ್ದು, ಭಾಳ ದೊಡ್ಡದು. 950ರಾಗ ಇದನ್ನ ಬಸದಿ ಅಂತ ಕಟ್ಟಿಸಿದಾಕಿ ಪದ್ಮಬ್ಬರಸಿ, ಗಂಗರ ಎರಡನೇ ಬೂತುಗನ ರಾಣಿ. ಬೂತುಗ ಅಂದ್ರ ತಕ್ಕೋಲದ ಯುದ್ಧದಾಗ ಚೋಳರ ರಾಜಾದಿತ್ಯನ್ನ ಕೊಂದಾವ. ಆ ಯುದ್ಧದ ಸುದ್ದಿ ಮಂಡ್ಯದ ಕಡೆ ಆತಕೂರಿನಾಗ ಸಿಕ್ಕ ಕಲ್ಲಿನ ಮ್ಯಾಲೆ ಐತಿ. ಅದs ಕಲ್ಲಿನಾಗ ಬೂತುಗನ ಬಂಟನ ನಾಯಿ ಸುದ್ದಿನೂ ಬರದಾರ. ಕಾಳಿ ಅಂತ ಅದರ ಹೆಸರು, ಹಂದಿ ಕೂಡ ಕಾದಾಡಿ ಸತ್ತಿತ್ತು. ಅತ್ತಿಯವರು ಭಾಳ ನಕ್ಕರು. 'ನಾಯಿ ಹೆಸರು ಸೈತ ಕೊರಸ್ಯಾರ! ನಮ್ಮ ಮನಿ ಕೊಡದ ಮ್ಯಾಲೆ ನನ್ನ ಹೆಸರಿಲ್ಲ.'

ಖರೇನs. ತವರಿಂದ ಬಂದ ತಾಮ್ರದ ಕೊಡದ ಮ್ಯಾಲೆ ಅವರಪ್ಪನ ಹೆಸರು, ಆಮ್ಯಾಲೆ ಕೊಂಡ ಬಾಂಡೆ ಮ್ಯಾಲೆ ಮಾವನವರ ಹೆಸರು. ಲಗ್ನದಾಗ ಅವರ ಹೆಸರನ್ನೂ ಬದಲಿ ಮಾಡಿದ್ರು. ಪದ್ಮಬ್ಬರಸಿ ಗುಡಿ ನಾರಾಯಣ ಗುಡಿ ಆಗೇತಿ, ಆದ್ರ ಕಲ್ಲಿನ ಮ್ಯಾಲರೆ ಆಕಿ ಹೆಸರು ಉಳದೈತಿ.

ಸೂಡಿ ಮುಟ್ಟಿದಾಗ ಹೊತ್ತು ಇಳದಿತ್ತು. ಹಳ್ಳಿ ಊರು, ಚಹಾದ ಅಂಗಡಿನೂ ಮುಚ್ಚಿತ್ತು. ಆದ್ರ ಜೋಡು ಕಳಸದ ಗುಡಿ ನೋಡಾಕರೆ ಹೋಗ್ರಿ. 1060ರಾಗ ಕಟ್ಟಿದ್ದು, ಎರಡು ಗರ್ಭಗುಡಿ ಎದುರಾಬದರು, ನಡುವ ಒಂದs ಮಂಟಪ, ಅದಕ್ಕ ಎರಡು ಶಿಖರ. ಹತ್ರನs ಕಲ್ಲಿನ ನಾಗಕುಂಡ. ಇದು ಅಕ್ಕಾದೇವಿ ಆಳಿದ ಊರು. ಚಾಲುಕ್ಯ ಜಯಸಿಂಹನ ಅಕ್ಕಾ ಆಕಿ. ಕಿಸುಕಾಡು ಎಪ್ಪತ್ತು ಅಂತಿದ್ರು ಈ ನಾಡಿಗೆ, ಪಟ್ಟದಕಲ್ಲಿನ ಸುತ್ತಿನ ಸೀಮಿ. 'ಗುಣದ ಬೆಡಂಗಿ' ಅಂತ ಆಕಿಗೆ ಬಿರುದು. ಹಂಗಂತ ಮೆತ್ತಗಿನ ಹೆಂಗಸು ಅಂತ ತಿಳೀಬ್ಯಾಡ್ರಿ, 1047ರಾಗ ಗೋಕಾಕ ಕೋಟಿಗೆ ಮುತ್ತಿಗಿ ಹಾಕಿದ್ಲು!

ನನಗ ಮುತ್ತಿಗಿಗಿಂತ ಆಮ್ಯಾಲಿನ ಕೆಲಸ ದೊಡ್ಡದು ಕಾಣ್ತು. ಚೋಳರ ಕೂಡಿನ ಯುದ್ಧದಾಗ ಸೂಡಿಯ ವ್ಯವಸ್ಥಾ ಹದಗೆಟ್ಟಿತ್ತು. ಊರಿನ ಎಂಟು ಸೆಟ್ಟರು, ಎಂಬತ್ತು ಒಕ್ಕಲು, ಇವರಿಗೆ ಮೊದಲಿದ್ದ ಹಕ್ಕು, ಕಟ್ಟಳಿ ಎಲ್ಲಾ 1050ರ ಸುಮಾರಿಗೆ ಮತ್ತ ಬರೆಸಿ ಕೊಟ್ಟಳು. ಅದು ಶಾಸನದಾಗ ಐತಿ. ಗಂಡಸರ ಜಗಳ ಮುಗದ ಮ್ಯಾಲೆ ಮನಿ ಸಾಮಾನು ಹೊಂದಿಸಿ ಇಟ್ಟಂಗ.

ರಾತ್ರಿ ಹತ್ತಕ್ಕ ಮನಿ ಸೇರಿದ್ವಿ. ಮರುವಾರ ಅತ್ತಿಯವರು ಒಂದು ಸ್ಟೀಲ್ ಡಬರಿ ಹಿಡಕೊಂಡು ಬಾಂಡೆ ಅಂಗಡಿಗೆ ಕರಕೊಂಡು ಹೋಗಂದ್ರು. ಮಷಿನ್ ಹಿಡದ ಹುಡುಗ 'ಯಜಮಾನ್ರ ಹೆಸರೇನ್ರಿ ಅಜ್ಜಿ?' ಅಂದ. ಅತ್ತಿಯವರು ತಮ್ಮ ತವರಿನ ಹೆಸರು ಹೇಳಿದ್ರು. ಇಪ್ಪತ್ತು ವರ್ಷದ ಸೊಸಿ ನಾನು, ಅವರ ಬಾಯಾಗ ಆ ಹೆಸರು ಅವತ್ತs ಕೇಳಿದ್ದು. ಹುಡುಗ ಒಂದು ದೀರ್ಘ ಬಿಟ್ಟು ಕೊರದಾನ. ತಿದ್ದಿಸೂಣೇನ್ರಿ ಅಂದ್ರ, 'ಇರಲಿ ಬಿಡ, ತಿಳೀತೈತಿ' ಅಂದ್ರು.